ಶಿವಮೊಗ್ಗದಲ್ಲಿ ಗೋಬರ್ ಗ್ಯಾಸ್ ಘಟಕಕ್ಕೆ ಎಲ್ಲಿ ಜಾಗ? ಒಂದು ನಕ್ಷೆ ಕಟ್ಟಿದ ಕೆಲಸ

ದಿನಕ್ಕೆ ಒಂದು ಟನ್ ಗ್ಯಾಸ್ ಮಾಡುವ ಘಟಕ ನಮ್ಮ ಜಿಲ್ಲೆಯಲ್ಲಿ ಎಲ್ಲಿ ಹಾಕಬಹುದು, ನಕ್ಷೆ ಮಾಡಿ ತೋರಿಸಿ ಅಂತ ಸಾಗರದ ಕಡೆಯ ಒಂದು ಸಹಕಾರ ಸಂಘದವರು ಕೇಳಿದ್ದರು. ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿ ನಮ್ಮ ಕಡೆ ಹೊಸದೇನಲ್ಲ. ಪಕ್ಕದ ಶಿರಸಿ ಸೀಮೆಯಲ್ಲಂತೂ ಅದು ಚೆನ್ನಾಗಿ ಬೇರೂರಿದೆ. ಸಂಘದವರ ತಲೆಯಲ್ಲಿ ಇದ್ದದ್ದು ಬೇರೆ. ಸಗಣಿ, ಹಸಿ ಕಸ ಎಲ್ಲ ಒಂದು ಕಡೆ ತಂದು, ಗ್ಯಾಸ್ ತೆಗೆದು, ಶುದ್ಧ ಮಾಡಿ, ಸಿಲಿಂಡರಿಗೆ ಒತ್ತಿ ತುಂಬಿ ಮಾರುವುದು. 2018ರಲ್ಲಿ ಕೇಂದ್ರ ಸರ್ಕಾರ ಸತತ್ ಯೋಜನೆ ತಂದಾಗಿನಿಂದ ತೈಲ ಕಂಪನಿಗಳು ಇಂಥ ಗ್ಯಾಸನ್ನು ಕೊಳ್ಳುತ್ತವೆ. ಹಾಗಾಗಿ ಈ ಮಾತು ಈಗ ಹಳ್ಳಿ ಸಂಘಗಳವರೆಗೂ ಬಂದಿದೆ. ನಕ್ಷೆ ಮಾಡುವ ಕ್ಯೂಜಿಐಎಸ್ ಉಚಿತ ಸಾಫ್ಟ್‌ವೇರ್. ಬೇಕಾದ ಮಾಹಿತಿಯೂ ಬಹುಪಾಲು ದುಡ್ಡಿಲ್ಲದೆ ಸಿಗುತ್ತದೆ. ಕೆಲಸ ಹೇಗೆ ಸಾಗಿತು ಅಂತ ಬರೆದಿಟ್ಟಿದ್ದೇನೆ, ಬೇರೆ ಜಿಲ್ಲೆಯವರಿಗೂ ಉಪಯೋಗಕ್ಕೆ ಬಂದೀತು.

ನಕ್ಷೆಗೆ ಮೊದಲು ಕಾಗದದ ಮೇಲೆ ಲೆಕ್ಕ. ಒಂದು ಕಿಲೋ ಹಸಿ ಸಗಣಿಯಿಂದ ಹೆಚ್ಚುಕಡಿಮೆ 40 ಲೀಟರ್ ಗ್ಯಾಸ್ ಬರುತ್ತದೆ. ಅದರಲ್ಲಿ ಮೀಥೇನ್ ನೂರಕ್ಕೆ 55ರಿಂದ 60 ಭಾಗ. ಉಳಿದದ್ದು ಬಹುತೇಕ ಕಾರ್ಬನ್ ಡೈಆಕ್ಸೈಡ್, ಜೊತೆಗೆ ಚೂರು ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್. ತುಂಬಿ ಮಾರಬೇಕಾದರೆ ಭಾರತೀಯ ಮಾನಕ ಐಎಸ್ 16087 ಪ್ರಕಾರ ಮೀಥೇನ್ ಕನಿಷ್ಠ 90 ಭಾಗ ಇರಬೇಕು. ಹಾಗೆ ಶುದ್ಧ ಮಾಡಿದ ಒಂದು ಟನ್ನಿಗೆ ಸುಮಾರು 2,400 ಘನ ಮೀಟರ್ ಕಚ್ಚಾ ಗ್ಯಾಸ್ ಬೇಕು. ಅಂದರೆ ದಿನಕ್ಕೆ 60 ಟನ್ ಸಗಣಿ. ಒಂದು ದನಕ್ಕೆ 10 ಕಿಲೋ ಅಂತ ಪುಸ್ತಕದ ಲೆಕ್ಕ ಹಿಡಿದರೆ 6,000 ದನ. ಟ್ರ್ಯಾಕ್ಟರಿಗೆ ಮೂರು ಟನ್ ಹೇರಿದರೆ ದಿನಕ್ಕೆ 20 ಲೋಡು, ಭಾನುವಾರ ರಜೆ ಇಲ್ಲ.

ಇಡೀ ಜಿಲ್ಲೆಗೆ 6,000 ದನ ಏನು ಲೆಕ್ಕ ಅಂತ ಅನ್ನಿಸುತ್ತದೆ. ಸಂಘದವರಿಗೂ ಹಾಗೇ ಅನ್ನಿಸಿತ್ತು. ನಕ್ಷೆಯ ಕೆಲಸದಲ್ಲಿ ಅರ್ಧ ಭಾಗ ಈ ಒಂದು ಸಂಖ್ಯೆಯ ಹಿಂದೆಯೇ ಹೋಯಿತು.

ದನ ಎಷ್ಟು, ಸಗಣಿ ಎಷ್ಟು

2019ರ ಜಾನುವಾರು ಗಣತಿಯಲ್ಲಿ ದೇಶಿ ಹಸು, ಮಿಶ್ರತಳಿ, ಎಮ್ಮೆ ಬೇರೆ ಬೇರೆ ಲೆಕ್ಕ ಇದೆ. ಊರುವಾರು ಪಟ್ಟಿಯನ್ನು ಸ್ಥಳೀಯವಾಗಿ ಕೇಳಿ ಪಡೆದೆ. ಈ ಮೂರನ್ನು ಒಟ್ಟು ಕೂಡಿಸಿ ಹತ್ತರಿಂದ ಗುಣಿಸಿದರೆ ಮಲೆನಾಡಿನಲ್ಲಿ ಸುಳ್ಳು ಉತ್ತರ ಬರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ದೇಶಿ ಹಸು ಅಂದರೆ ಬಹುಪಾಲು ಮಲೆನಾಡು ಗಿಡ್ಡ. ಪುಟ್ಟ ಮೈ, ಕಡಿಮೆ ಮೇವು, ಕಡಿಮೆ ಸಗಣಿ. ಬೆಳಿಗ್ಗೆ ಬಿಟ್ಟರೆ ಬ್ಯಾಣ, ಬೆಟ್ಟ ಸುತ್ತಿ ಸಂಜೆ ಬರುತ್ತವೆ. ಹಗಲು ಹಾಕಿದ ಸಗಣಿ ಕಾಡಿಗೇ ಗೊಬ್ಬರ. ನಮ್ಮ ಕೈಗೆ ಸಿಗುವುದು ರಾತ್ರಿ ಕೊಟ್ಟಿಗೆಯಲ್ಲಿ ಬಿದ್ದದ್ದು ಮಾತ್ರ. ಹಾಗಾಗಿ ನಾನು ಹಿಡಿದ ಅಂದಾಜು ಹೀಗಿದೆ: ಮೇಯಲು ಬಿಡುವ ಗಿಡ್ಡಕ್ಕೆ 2 ಕಿಲೋ, ಕಟ್ಟಿ ಸಾಕುವ ಮಿಶ್ರತಳಿಗೆ 10, ಎಮ್ಮೆಗೆ 12. ಎಮ್ಮೆಗೆ 15 ಅಂತ ಬರೆಯುವುದುಂಟು, ಆದರೆ ಅದೂ ಹಗಲು ಕೆರೆಗೆ ಇಳಿಯುತ್ತದಲ್ಲ.

ಇಷ್ಟು ಮಾಡಿದ ಕೂಡಲೇ ಬಣ್ಣ ತಿರುಗಾಮುರುಗಾ ಆಯಿತು. ದನದ ಸಂಖ್ಯೆಯ ನಕ್ಷೆಯಲ್ಲಿ ಕಡುಗೆಂಪಾಗಿದ್ದ ಪಶ್ಚಿಮದ ಹೋಬಳಿಗಳು ಪೇಲವವಾದವು. ಶಿಕಾರಿಪುರ, ಶಿವಮೊಗ್ಗ, ಭದ್ರಾವತಿಯ ಬಯಲು ಪಟ್ಟಿ ಮೇಲೆ ಬಂತು. ಹಾಲು ಒಕ್ಕೂಟದ ಶಿಮುಲ್ ಡೇರಿ ಇರುವುದು ಮಾಚೇನಹಳ್ಳಿಯಲ್ಲಿ. ಆ ಸುತ್ತಿನ ಬಯಲಿನಲ್ಲಿ ಹಾಲಿಗಾಗಿ ಮಿಶ್ರತಳಿ ಕಟ್ಟಿ ಸಾಕುವುದು ಮಾಮೂಲು.

ಇನ್ನೊಂದು ತೊಡಕು ಗಣತಿಯಲ್ಲಿ ಕಾಣುವುದೇ ಇಲ್ಲ. ಅದು ಕೊಟ್ಟಿಗೆಯ ನೆಲ. ರಿಪ್ಪನ್‌ಪೇಟೆ ಕಡೆಯ ಒಂದು ಮನೆಯಲ್ಲಿ ಹೋಗಿ ನೋಡಿದೆ. ಆ ಮನೆಯ ಹೆಂಗಸು ಕೊಟ್ಟಿಗೆ ಬಾಗಿಲು ತೆಗೆದು ಮುಳ್ಳುಗುದ್ದಲಿಯಲ್ಲಿ ಒಂದು ಪದರ ಎತ್ತಿ ತೋರಿಸಿದರು. ಮೇಲೆ ನಿನ್ನೆಯ ಹಸಿ ಸೊಪ್ಪು, ಅದರ ಕೆಳಗೆ ಸಗಣಿ ಮೆತ್ತಿದ ಎಲೆ, ಅದರ ಕೆಳಗೆ ಇನ್ನಷ್ಟು ಸೊಪ್ಪು, ಎಲ್ಲ ದನ ತುಳಿದು ತುಳಿದು ಹಲಗೆಯ ಹಾಗೆ ಗಟ್ಟಿ. ಬುಡದಲ್ಲಿ ಕಪ್ಪಗೆ, ಬಿಸಿ ಆಡುತ್ತಿತ್ತು. "ಇದನ್ನ ತಿಂಗಳಿಗೊಮ್ಮೆ ತೆಗೆದು ತಿಪ್ಪೆಗೆ ಹಾಕ್ತೀವಿ, ಆಮೇಲೆ ತೋಟಕ್ಕೆ" ಅಂದರು. ತೋಟಕ್ಕೆ ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಆದರೆ ಗ್ಯಾಸ್ ತೊಟ್ಟಿಗೆ ಇದು ಆಗಿಬರುವುದಿಲ್ಲ. ಎಲೆ ಮೇಲೆ ತೇಲಿ ಕೆನೆಗಟ್ಟುತ್ತದೆ, ಪೈಪು ಕಟ್ಟುತ್ತದೆ, ಗ್ಯಾಸ್ ಮೇಲೆ ಬರಲು ದಾರಿ ಇರುವುದಿಲ್ಲ. ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ ಸಿಮೆಂಟ್ ನೆಲ, ಹಿಂದೆ ಕಾಲುವೆ ಇರುವ ಕೊಟ್ಟಿಗೆ. ಅಲ್ಲಿ ದಿನಾ ಬೆಳಿಗ್ಗೆ ನೀರು ಬಿಟ್ಟು ತೊಳೆಯುತ್ತಾರೆ, ಸಗಣಿ ತಾನೇ ಹರಿದು ಗುಂಡಿಗೆ ಬೀಳುತ್ತದೆ.

ಹಾಗಾಗಿ ಪಟ್ಟಿಯಲ್ಲಿ "ಕೊಟ್ಟಿಗೆ ನೆಲ" ಅಂತ ಒಂದು ಕಾಲಂ ಸೇರಿಸಿದೆ. ಸಿಮೆಂಟು ಅಥವಾ ಕಲ್ಲು ಹಾಸಿದ್ದರೆ ಪೂರ್ತಿ ಲೆಕ್ಕ, ಸೊಪ್ಪಿನ ಹಾಸಿದ್ದರೆ ಸೊನ್ನೆ. ಎಲ್ಲ ಊರಿಗೂ ಹೋಗಿ ನೋಡಲು ಆಗುವುದಿಲ್ಲ. ಹಾಲು ಸಂಗ್ರಹ ಕೇಂದ್ರ ಇರುವ ಊರುಗಳಲ್ಲಿ ಅಲ್ಲಿಯ ಕಾರ್ಯದರ್ಶಿಯನ್ನು ಕೇಳಿದರೆ ಸಾಕು, ಯಾರ ಮನೆ ನೆಲ ಹೇಗಿದೆ ಅಂತ ಅವರಿಗೆ ಬಾಯಿಪಾಠ.

ಊರು ಅಂದರೆ ಎಲ್ಲಿ

ಬಯಲುಸೀಮೆಯಲ್ಲಿ ಊರು ಅಂದರೆ ಒಂದು ಗುಂಪು ಮನೆ. ನಕ್ಷೆಯಲ್ಲಿ ಒಂದು ಚುಕ್ಕೆ ಇಟ್ಟರೆ ಮುಗಿಯಿತು. ಮಲೆನಾಡಿನ ಕಂದಾಯ ಗ್ರಾಮ ಹಾಗಲ್ಲ. ಗುಡ್ಡದ ಆಚೆಗೊಂದು, ತೋಟದ ತಲೆಗೊಂದು ಒಂಟಿ ಮನೆ. ಗ್ರಾಮದ ಗಡಿಯ ಮಧ್ಯಬಿಂದು ತೆಗೆದರೆ ಅದು ಎಷ್ಟೋ ಸಲ ದಟ್ಟ ಕಾಡಿನಲ್ಲಿ ಬೀಳುತ್ತದೆ. ಅದಕ್ಕೆ ಉಪಗ್ರಹ ಚಿತ್ರದಿಂದ ಕಟ್ಟಡಗಳನ್ನು ಗುರುತಿಸಿದ ಗೂಗಲ್ ಓಪನ್ ಬಿಲ್ಡಿಂಗ್ಸ್ ಮಾಹಿತಿ ಇಳಿಸಿಕೊಂಡು, ಊರಿನ ಸಗಣಿಯನ್ನು ಅಲ್ಲಿನ ಕಟ್ಟಡಗಳಿಗೆ ಹಂಚಿದೆ. ಶಾಲೆ, ದೇವಸ್ಥಾನಕ್ಕೂ ಒಂದಿಷ್ಟು ಪಾಲು ಹೋಯಿತು ಅನ್ನಿ, ಆದರೂ ಕಾಡಿನ ನಡುವೆ ಸಗಣಿ ರಾಶಿ ಬೀಳುವುದು ತಪ್ಪಿತು.

ಗಡಿಯ ಕಡತಕ್ಕೂ ಗಣತಿ ಪಟ್ಟಿಗೂ ಜೋಡಿಸುವಾಗ ಹೆಸರು ನಂಬಬೇಡಿ. ಹೊಸೂರು, ಹೊಸಳ್ಳಿ, ಹೊಸಕೊಪ್ಪ ಅಂತ ಎಷ್ಟು ಬೇಕಾದರೂ ಸಿಗುತ್ತವೆ, ಕಾಗುಣಿತವೂ ಒಂದೊಂದು ಕಡೆ ಒಂದೊಂದು. ಗ್ರಾಮ ಸಂಕೇತದ ಸಂಖ್ಯೆಯಿಂದಲೇ ಜೋಡಿಸಿ. ಗುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಕ್ರಮ, ಅಂದರೆ ಪ್ರೊಜೆಕ್ಷನ್, ಯುಟಿಎಂ 43 ಉತ್ತರ, ಇಪಿಎಸ್‌ಜಿ ಸಂಖ್ಯೆ 32643. ದೂರ ಮೀಟರಿನಲ್ಲಿ, ವಿಸ್ತೀರ್ಣ ಚದರ ಮೀಟರಿನಲ್ಲಿ ಸಿಗುತ್ತದೆ.

ಸಗಣಿ ಬಿಟ್ಟು ಇನ್ನೇನಿದೆ

ನಮ್ಮಲ್ಲಿ ಕಸ ಅಂದ ಕೂಡಲೇ ಎಲ್ಲರೂ ಕೈ ತೋರಿಸುವುದು ಅಡಿಕೆ ಸಿಪ್ಪೆಯತ್ತ. ಕೊನೆ ಕೊಯ್ಲಿನ ಕಾಲದಲ್ಲಿ ರಸ್ತೆ ಪಕ್ಕ ಗುಡ್ಡ ಗುಡ್ಡ ಬಿದ್ದಿರುತ್ತದೆ, ಬೆಂಕಿ ಹಚ್ಚಿದರೆ ದಿನಗಟ್ಟಲೆ ಹೊಗೆ. ಅದನ್ನು ಗ್ಯಾಸಿಗೆ ಹಾಕಿದರೆ ಆಗದಾ? ಆಗುವುದಿಲ್ಲ, ಸುಲಭವಾಗಿ ಅಂತೂ ಇಲ್ಲ. ಸಿಪ್ಪೆ ಪೂರ್ತಿ ನಾರು, ಲಿಗ್ನಿನ್ ಜಾಸ್ತಿ. ಗಾಳಿ ಇಲ್ಲದ ತೊಟ್ಟಿಯ ಸೂಕ್ಷ್ಮಜೀವಿಗಳಿಗೆ ಲಿಗ್ನಿನ್ ಜೀರ್ಣ ಆಗುವುದಿಲ್ಲ. ಮೇಲಾಗಿ ಅದು ಸಿಗುವುದು ವರ್ಷದಲ್ಲಿ ಕೆಲವೇ ತಿಂಗಳು. ಅಡಿಕೆ ಬೇಯಿಸಿದ ಚೊಗರನ್ನೂ ಒಬ್ಬರು ಸೂಚಿಸಿದರು. ಅದರಲ್ಲಿ ಇರುವುದೇ ಟ್ಯಾನಿನ್. ಮೀಥೇನ್ ಮಾಡುವ ಜೀವಿಗಳಿಗೆ ಅದು ಒಗ್ಗುವುದಿಲ್ಲ. ಎರಡಕ್ಕೂ ಸೊನ್ನೆ ಅಂಕ ಕೊಟ್ಟೆ. ಸಂಘದವರಿಗೆ ಬೇಜಾರಾಯಿತು. ಸಿಪ್ಪೆಗೆ ಕಾಂಪೋಸ್ಟ್ ದಾರಿಯೇ ಸರಿ ಅಂತ ನನ್ನ ಅಭಿಪ್ರಾಯ, ಅದಕ್ಕೆ ನಕ್ಷೆಯಲ್ಲಿ ಬೇರೆ ಪದರ (ಲೇಯರ್) ಮಾಡಿಟ್ಟಿದ್ದೇನೆ. ಭತ್ತದ ಹುಲ್ಲು ದನಕ್ಕೇ ಸಾಲದು. ಭದ್ರಾವತಿಯ ಕಾಗದ, ಸಕ್ಕರೆ ಕಾರ್ಖಾನೆ ಎಂಪಿಎಂ ನಿಂತ ಮೇಲೆ ಆ ಕಡೆಯ ಕಬ್ಬಿನ ಮಡ್ಡಿಯ ಮಾತೂ ಇಲ್ಲ.

ಪೇಟೆಯ ಹಸಿ ಕಸಕ್ಕೆ ಮಾತ್ರ ಬೆಲೆ ಇದೆ. ಊಟದ ಕಸ ಒಂದು ಕಿಲೋಗೆ ನೂರು ಲೀಟರ್ ಸುತ್ತಮುತ್ತ ಗ್ಯಾಸ್ ಕೊಡುತ್ತದೆ, ಸಗಣಿಯ ಎರಡು ಪಟ್ಟಿಗೂ ಜಾಸ್ತಿ. 2011ರ ಜನಗಣತಿಯಲ್ಲೇ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ. ಹೋಟೆಲು, ಕಲ್ಯಾಣ ಮಂಟಪ, ತರಕಾರಿ ಮಾರುಕಟ್ಟೆ ಎಲ್ಲ ಸೇರಿದರೆ ಒಳ್ಳೆಯ ಮೇವು. ಆದರೆ 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ವಿಮಾನ ನಿಯಮಗಳ ಪ್ರಕಾರ ನಿಲ್ದಾಣದ ಸುತ್ತ 10 ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವ ಕಸ ಬಯಲಲ್ಲಿ ಹಾಕುವ ಹಾಗಿಲ್ಲ. ಹದ್ದು ಎಂಜಿನ್ನಿಗೆ ಬಡಿದರೆ ಗತಿ ಏನು ಅಲ್ವಾ. ಆ ಸುತ್ತಳತೆ ಎಳೆದರೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವೂ ಒಳಗೇ ಬೀಳುತ್ತದೆ. ಆ ವೃತ್ತವನ್ನು ಪೂರ್ತಿ ಬೇಡ ಅಂತ ಕೆಂಪು ಮಾಡದೆ, ಎಚ್ಚರಿಕೆ ಅಂತ ಹಳದಿ ಮಾಡಿದೆ. ಸಗಣಿ ಮಾತ್ರ ತರುವ ಘಟಕಕ್ಕೆ ಅಷ್ಟು ತೊಂದರೆ ಇಲ್ಲ. ಪೇಟೆ ಕಸ ತರುವುದಾದರೆ ಮುಚ್ಚಿದ ಶೆಡ್ಡು, ಅನುಮತಿ, ಎಲ್ಲ ಮೊದಲೇ ಕೇಳಿಕೊಳ್ಳಬೇಕು.

ಬೇಡದ ಜಾಗ ಅಳಿಸುವುದು

ಅರಣ್ಯ, ಶೆಟ್ಟಿಹಳ್ಳಿ ಮತ್ತು ಶರಾವತಿ ಕಣಿವೆ ಅಭಯಾರಣ್ಯ, ಗುಡವಿ ಪಕ್ಷಿಧಾಮದ ಸುತ್ತ, ಕೆರೆ ಹೊಳೆಯ ದಂಡೆ, ಹತ್ತು ಡಿಗ್ರಿಗಿಂತ ಜಾಸ್ತಿ ಇಳಿಜಾರು. ಇವನ್ನೆಲ್ಲ ತೆಗೆಯುವುದು ಬೇಗ ಆಯಿತು.

ತಡ ಮಾಡಿದ್ದು ಲಿಂಗನಮಕ್ಕಿ ಹಿನ್ನೀರು. ಬೇಸಿಗೆಯ ಉಪಗ್ರಹ ಚಿತ್ರದಲ್ಲಿ ಹಿನ್ನೀರಿನ ಅಂಚು ನೋಡಿದರೆ ಎಂಥವರಿಗೂ ಆಸೆ ಆಗುತ್ತದೆ. ವಿಶಾಲ, ಮಟ್ಟಸ, ಮರ ಇಲ್ಲ, ಹುಲ್ಲು ಮಾತ್ರ. ಸಾಫ್ಟ್‌ವೇರ್ ಅದಕ್ಕೆ ಪೂರ್ತಿ ಅಂಕ ಕೊಡುತ್ತದೆ. ಆಗಸ್ಟಿನಲ್ಲಿ ಅದೇ ಜಾಗ ನೀರಿನಡಿ. ಜಲಾಶಯದ ಪೂರ್ಣ ಮಟ್ಟ 1,819 ಅಡಿ, ಅಂದರೆ 554 ಮೀಟರ್ ಚಿಲ್ಲರೆ. ಉಪಗ್ರಹದಿಂದ ಅಳೆದ ನೆಲದ ಎತ್ತರದ ಕಡತದಿಂದ ಆ ರೇಖೆ ಎಳೆಯಬಹುದು. ಆದರೆ ಉಪಗ್ರಹ ಅಳೆದ ದಿನ ಅಲ್ಲಿ ನೀರಿದ್ದರೆ ಕಡತದಲ್ಲಿ ಇರುವುದು ನೀರಿನ ಮೇಲ್ಮೈಯ ಎತ್ತರ, ನೆಲದ್ದಲ್ಲ. ಅದಕ್ಕಿಂತ ಯುರೋಪಿನ ಸಂಶೋಧನಾ ಕೇಂದ್ರ ಜೆಆರ್‌ಸಿಯ ಜಾಗತಿಕ ಮೇಲ್ಮೈ ನೀರಿನ ಮಾಹಿತಿ ಒಳ್ಳೆಯದು. 1984ರಿಂದ ಈಚೆಗೆ ಯಾವತ್ತಾದರೂ ನೀರು ನಿಂತ ಜಾಗವನ್ನೆಲ್ಲ ಅದು ತೋರಿಸುತ್ತದೆ. ಆ ಗರಿಷ್ಠ ಹರವನ್ನೇ ತೆಗೆದುಹಾಕಿದೆ.

ಹಿನ್ನೀರಿನಿಂದ ದೂರದ ಲೆಕ್ಕಕ್ಕೂ ಪೆಟ್ಟು. ಒಂದು ಬಿಂದುವಿನ ಸುತ್ತ 10 ಕಿಲೋಮೀಟರ್ ವೃತ್ತ ಎಳೆದರೆ ಅದು ಸಲೀಸಾಗಿ ನೀರು ದಾಟಿ ಆಚೆ ದಡದ ತುಮರಿಗೆ ಹೋಗುತ್ತದೆ, ಟ್ರ್ಯಾಕ್ಟರು ಹೋಗುವುದಿಲ್ಲ. ಹಾಗಾಗಿ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಯ ರಸ್ತೆಗಳ ಮೇಲೆ ದೂರ ಅಳೆಯಬೇಕು. ಅಲ್ಲೂ ಸೋಸುವುದಿದೆ. ಲಾಂಚಿನ ದಾರಿಯ ಗೆರೆ ಇದ್ದರೆ ಕ್ಯೂಜಿಐಎಸ್ ಅದನ್ನೂ ರಸ್ತೆ ಅಂತಲೇ ತಿಳಿಯುತ್ತದೆ. ಕಾಲುಸಂಕಗಳೂ ಅಷ್ಟೇ. ಅಡಿಕೆ ದಬ್ಬೆಯ ಸಂಕದ ಮೇಲೆ ಮನುಷ್ಯ ದಾಟುವುದೇ ಕಷ್ಟ, ಮೂರು ಟನ್ ಸಗಣಿ ದಾಟೀತೇ? ಅವೆಲ್ಲ ಅಳಿಸಿ ಎರಡು ಜಾಲ ಮಾಡಿದೆ. ಬೇಸಿಗೆಯದ್ದರಲ್ಲಿ ಮಣ್ಣು ರಸ್ತೆಯೂ ಉಂಟು, ಮಳೆಗಾಲದ್ದರಲ್ಲಿ ಡಾಂಬರು, ಕಾಂಕ್ರೀಟು ಮಾತ್ರ. ಘಟಕಕ್ಕೆ ಜಾಗ ಅಂತ ಒಪ್ಪಬೇಕಾದರೆ ಮಳೆಗಾಲದ ಜಾಲದಲ್ಲಿ ಪಾಸಾಗಬೇಕು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಕಡೆಯ ದೂರ ಪೂರ್ತಿ ಬದಲಾಗಿದೆ, ಹಳೆಯ ಕಡತ ಇಟ್ಟುಕೊಂಡವರು ಹೊಸದು ಇಳಿಸಿಕೊಳ್ಳಿ. ಆದರೂ ತುಮರಿ ಕಡೆಯ ಕೈಗೆ ಸಿಗುವ ಸಗಣಿ ಕಡಿಮೆ. ಸೇತುವೆಯಿಂದ ಜನರಿಗೆ ಉಪಕಾರ ಆಯಿತು, ನಮ್ಮ ಘಟಕಕ್ಕೇನೂ ಆಗಲಿಲ್ಲ.

ಸ್ಲರಿ ಎಲ್ಲಿಗೆ ಹೋಗುತ್ತದೆ

ಇದೇ ಮುಖ್ಯ ವಿಷಯ, ಯೋಜನಾ ವರದಿಗಳಲ್ಲಿ ಕೊನೆಯ ಪುಟದಲ್ಲಿ ಇರುವುದೂ ಇದೇ. 60 ಟನ್ ಸಗಣಿಗೆ ಹೆಚ್ಚುಕಡಿಮೆ ಅಷ್ಟೇ ನೀರು ಬೆರೆಸಬೇಕು. ದಿನಕ್ಕೆ 120 ಟನ್ ಬಗ್ಗಡ ಒಳಗೆ ಹೋದರೆ, ಗ್ಯಾಸಾಗಿ ಹೋಗುವುದು ಮೂರು ಟನ್ನೂ ಇಲ್ಲ. ಉಳಿದದ್ದೆಲ್ಲ ಸ್ಲರಿಯಾಗಿ ಹೊರಗೆ ಬರುತ್ತದೆ. 5,000 ಲೀಟರ್ ಟ್ಯಾಂಕರಿನಲ್ಲಿ ಸಾಗಿಸಿದರೆ ದಿನಕ್ಕೆ 20 ದಾಟಿ ಲೋಡು. ಸಗಣಿ ಕೊಡುವ ರೈತನೂ ಸುಮ್ನೆ ಕೊಡುವುದಿಲ್ಲ, ತೋಟಕ್ಕೆ ಗೊಬ್ಬರ ವಾಪಸ್ ಬರಬೇಕು ಅವನಿಗೆ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರು 1987ರಲ್ಲಿ ನಡೆಸಿದ ಸಮುದಾಯ ಘಟಕದಲ್ಲಿ ಇದನ್ನು ಸರಿಯಾಗಿ ಹಿಡಿದಿದ್ದರು. ಮನೆಯಿಂದ ತಂದ ಸಗಣಿ ತೂಗಿ, ಅದಕ್ಕೆ ತಕ್ಕ ಸ್ಲರಿಯನ್ನು ಮರಳಿನ ಹಾಸಿನಲ್ಲಿ ನೀರು ಬಸಿದು ವಾಪಸ್ ಕೊಡುತ್ತಿದ್ದರು.

ಹಾಗಾಗಿ ಅಡಿಕೆ ತೋಟ ಎಲ್ಲಿದೆ ಅನ್ನುವ ಪದರ ಬೇಕು. ಉಚಿತವಾಗಿ ಸಿಗುವ ಭೂಬಳಕೆ ನಕ್ಷೆಗಳಲ್ಲಿ ಅಡಿಕೆ ತೋಟ "ಮರಗಳ ಹೊದಿಕೆ" ಅಂತ ಕಾಡಿನ ಜೊತೆ ಸೇರಿರುತ್ತದೆ. ಉಪಗ್ರಹದ ಕಣ್ಣಿಗೆ ಎರಡೂ ಹಸಿರೇ. ಪೂರ್ವದ ತಾಲ್ಲೂಕುಗಳಲ್ಲಿ ಇದಕ್ಕೆ ಸುಲಭ ದಾರಿ ಇದೆ. ಫೆಬ್ರವರಿ, ಮಾರ್ಚಿನಲ್ಲಿ ಅಲ್ಲಿಯ ಕಾಡು ಎಲೆ ಉದುರಿಸುತ್ತದೆ, ನೀರು ಕುಡಿದ ತೋಟ ಹಸಿರಾಗೇ ಇರುತ್ತದೆ. ಸೆಂಟಿನೆಲ್ 2 ಉಪಗ್ರಹದ ಚಿತ್ರದಲ್ಲಿ ಗೆರೆ ಕೊರೆದ ಹಾಗೆ ಬೇರ್ಪಡುತ್ತದೆ. ತೀರ್ಥಹಳ್ಳಿ, ಹೊಸನಗರದ ನಿತ್ಯಹರಿದ್ವರ್ಣ ಕಾಡಿನಲ್ಲಿ ಈ ಉಪಾಯ ನಡೆಯದು. ಅಲ್ಲಿ ಬಳಸಿದ್ದು ಅಜ್ಜಂದಿರ ಕ್ರಮ. ಹಳೆಯ ತೋಟಗಳೆಲ್ಲ ಎರಡು ಗುಡ್ಡದ ನಡುವಿನ ಕಣಿವೆಯಲ್ಲೇ ಇವೆ. ಸುತ್ತಲಿನ ನೆಲಕ್ಕಿಂತ ಒಂದು ಜಾಗ ಎಷ್ಟು ತಗ್ಗು ಅಂತ ಲೆಕ್ಕ ಹಾಕುವ ಟಿಪಿಐ ಉಪಕರಣ ಕ್ಯೂಜಿಐಎಸ್‌ನಲ್ಲಿದೆ. ತಗ್ಗೂ ಹೌದು, ವರ್ಷವಿಡೀ ಹಸಿರೂ ಹೌದು ಅಂದರೆ ತೋಟ ಅಂತ ಹಿಡಿದೆ. ಒಂದು ಎಚ್ಚರಿಕೆ. ಕಾಪರ್ನಿಕಸ್ ಎತ್ತರದ ಕಡತ ಅಳೆಯುವುದು ಮರದ ತಲೆಯನ್ನು. ಆಳೆತ್ತರದ ಎಷ್ಟೋ ಪಟ್ಟು ಬೆಳೆದ ಅಡಿಕೆ ಮರ ಕಣಿವೆಯನ್ನೇ ತುಂಬಿಬಿಡುತ್ತದೆ, ಟಿಪಿಐ ಅದನ್ನು ತಗ್ಗು ಅಂತ ಗುರುತಿಸುವುದಿಲ್ಲ. ಮರ, ಕಟ್ಟಡದ ಎತ್ತರ ಕಳೆದ ಫ್ಯಾಬ್‌ಡೆಮ್ ಕಡತ ಹಾಕಿದ ಮೇಲೆ ಕಣಿವೆಗಳು ಕಣಿವೆಗಳಾಗಿ ಕಂಡವು.

ಮಳೆಯ ಪದರವೂ ಸ್ಲರಿಗಾಗಿಯೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಂಥ ಕಡೆ 1,000 ಚದರ ಮೀಟರಿನ ತೆರೆದ ಸ್ಲರಿ ಹೊಂಡ ಮಾಡಿದರೆ ಮಳೆಯಿಂದಲೇ 70 ಲಕ್ಷ ಲೀಟರ್ ನೀರು ಒಳಗೆ ಬೀಳುತ್ತದೆ. ಹೊಂಡ ತುಂಬಿ ಹಳ್ಳಕ್ಕೆ, ಹಳ್ಳದಿಂದ ಕೆಳಗಿನವರ ಬಾವಿಗೆ. ಜೂನಿನಿಂದ ಆಗಸ್ಟ್‌ವರೆಗೆ ತೋಟಕ್ಕೂ ಸ್ಲರಿ ಹಾಕುವ ಹಾಗಿಲ್ಲ, ಕೊಚ್ಚಿಕೊಂಡು ಹೋಗುತ್ತದೆ. ಅಡಿಕೆಗೆ ಗೊಬ್ಬರ ಕೊಡುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಂದರೆ ಮೂರು ತಿಂಗಳ ಸ್ಲರಿ ಸೂರಿನಡಿ ಇಡಬೇಕು. ಹೋಬಳಿವಾರು ಮಳೆ ಹಾಕಿ, 3,000 ಮಿಲಿಮೀಟರ್ ದಾಟಿದ ಕಡೆ ದೊಡ್ಡ ಘಟಕವನ್ನು ಪಟ್ಟಿಯಿಂದಲೇ ಬಿಟ್ಟೆ.

ಕೂಡಿಸದೆ ಅಂಕ ಕೊಡುವುದು

ಇಂಥ ನಕ್ಷೆಗಳಲ್ಲಿ ಎಲ್ಲ ಪದರಕ್ಕೂ ತೂಕ ಕೊಟ್ಟು ಕೂಡಿಸುವುದು ರೂಢಿ. ಸಾಟಿ ಅನ್ನುವವರ ಎಎಚ್‌ಪಿ ವಿಧಾನದಲ್ಲಿ ತೂಕ ಹುಡುಕುತ್ತಾರೆ. ನನಗೆ ಅದು ಹಿಡಿಸಲಿಲ್ಲ. ಕೂಡಿಸಿದರೆ ಸಗಣಿ ಬೇಕಾದಷ್ಟಿದ್ದು ಸ್ಲರಿಗೆ ದಾರಿಯೇ ಇಲ್ಲದ ಜಾಗವೂ ಒಳ್ಳೆಯ ಅಂಕ ತೆಗೆದುಬಿಡುತ್ತದೆ. ನಿಜದಲ್ಲಿ ಅಲ್ಲಿ ಘಟಕ ನಡೆಯುವುದಿಲ್ಲ. ಅದಕ್ಕೆ ಸಗಣಿ, ರಸ್ತೆ, ಸ್ಲರಿ, ಬೇಸಿಗೆಯ ನೀರು, ಈ ನಾಲ್ಕಕ್ಕೂ ನೂರರಲ್ಲಿ ಅಂಕ ಕೊಟ್ಟು, ನಾಲ್ಕರಲ್ಲಿ ಯಾವುದು ಅತಿ ಕಡಿಮೆಯೋ ಅದೇ ಆ ಜಾಗದ ಅಂಕ ಅಂತ ಮಾಡಿದೆ. ನೀರಿನ ಪದರ ಯಾಕೆ ಅಂದರೆ, ಇಷ್ಟು ಮಳೆ ಬಿದ್ದೂ ಏಪ್ರಿಲ್, ಮೇ ತಿಂಗಳಲ್ಲಿ ಮಲೆನಾಡಿನ ಎಷ್ಟೋ ಬಾವಿ ತಳ ಕಾಣುತ್ತವೆ. ಸ್ಲರಿ ಹಿಂಡಿದ ನೀರನ್ನೇ ಮತ್ತೆ ಬಳಸಿದರೆ ಸ್ವಲ್ಪ ಉಳಿಯುತ್ತದೆ.

ಬಂದ ಫಲ ಹೀಗಿದೆ. ಸಗಣಿಯೊಂದರಿಂದಲೇ ದಿನಕ್ಕೆ ಒಂದು ಟನ್ ಗ್ಯಾಸ್ ಕೊಡುವ ಜಾಗ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರರಲ್ಲೂ ಸಿಗಲಿಲ್ಲ. ಶಿಕಾರಿಪುರದಿಂದ ಶಿವಮೊಗ್ಗದ ಕಡೆಗಿನ ಬಯಲು ಚೆನ್ನಾಗಿ ಬಂತು. ಅಲ್ಲಿ ಮಿಶ್ರತಳಿ ಇದೆ, ರಸ್ತೆ ಇದೆ, ಹೊಸ ಅಡಿಕೆ ತೋಟಗಳಿಗೆ ಗೊಬ್ಬರದ ಹಸಿವೂ ಇದೆ. ಸಂಘದವರ ಸೀಮೆಯಲ್ಲಿ ಆನಂದಪುರದಿಂದ ರಿಪ್ಪನ್‌ಪೇಟೆವರೆಗಿನ ರಸ್ತೆಯ ಇಕ್ಕೆಲ ಮಾತ್ರ ಹಸಿರಾಗಿ ಉಳಿಯಿತು, ಅದೂ ದಿನಕ್ಕೆ 15 ಟನ್ ಸಗಣಿಯ ಸಣ್ಣ ಘಟಕಕ್ಕೆ. ಗ್ಯಾಸ್ ಕಾಲು ಟನ್. ಸಾಗರ ಪೇಟೆಯ ಹೋಟೆಲ್ ಕಸ ಸೇರಿದರೆ ಇನ್ನೂ ಸ್ವಲ್ಪ. ಅದಕ್ಕಿಂತ ಪಶ್ಚಿಮಕ್ಕೆ ಹಿತ್ತಲಿನ ಗುಂಡಿಯೇ ಸರಿ. 50 ಕಿಲೋ ಸಗಣಿಗೆ ದಿನಕ್ಕೆ 2 ಘನ ಮೀಟರ್ ಗ್ಯಾಸ್, ಪೂರ್ತಿ ಬಂದರೆ ತಿಂಗಳಿಗೆ ಎರಡು ಸಿಲಿಂಡರಿಗೆ ಹತ್ತಿರ, ಸ್ಲರಿ ಕಾಲುವೆಯಲ್ಲಿ ನೇರ ತೋಟಕ್ಕೆ.

ನಕ್ಷೆ ಹಸಿರು ತೋರಿಸಿದ ಜಾಗಗಳಿಗೆ ಹೋಗಿ ನೋಡಿದಾಗ ಒಂದು ಕಡೆ ಚೌಡಿ ಬನ ಇತ್ತು, ಯಾವ ಕಡತದಲ್ಲೂ ಅದರ ಗುರುತಿಲ್ಲ. ಊರವರನ್ನು ಕೇಳದೆ ಅಲ್ಲಿ ಒಂದು ಗೂಟ ಹೊಡೆಯಲೂ ಆಗದು, ಅಳಿಸಿದೆ. ಇನ್ನೊಂದು ಕಡೆ ಜಂಬಿಟ್ಟಿಗೆ ಕಲ್ಲಿನ ಹಳೆಯ ಕ್ವಾರಿ. ತಳ ಗಟ್ಟಿ, ಗುಂಡಿ ತೋಡುವ ಖರ್ಚು ಅರ್ಧ ಉಳಿದೀತು ಅಂತ ಸಂಘದವರಿಗೆ ಖುಷಿ. ಆದರೆ ಜಂಬಿಟ್ಟಿಗೆಯಲ್ಲಿ ತೂತು ಜಾಸ್ತಿ. ಮಳೆಗಾಲದಲ್ಲಿ ಪಕ್ಕದಿಂದ ನೀರು ಜಿನುಗಿ ಖಾಲಿ ತೊಟ್ಟಿಯನ್ನೇ ಮೇಲೆತ್ತಬಹುದು. ಜುಲೈನಲ್ಲಿ ಕ್ವಾರಿಯಲ್ಲಿ ಎಷ್ಟು ಎತ್ತರ ನೀರು ನಿಲ್ಲುತ್ತದೆ ಅಂತ ಗೋಡೆಯ ಪಾಚಿ ಗೆರೆ ನೋಡಿ ಅಳತೆ ತೆಗೆದಿಟ್ಟಿದ್ದೇವೆ. ಈ ಮಳೆ ಕಳೆದ ಮೇಲೆ ತೀರ್ಮಾನ.

ಈಗ ಸಂಘದವರು ಆ ರಸ್ತೆಯ ಹಾಲಿನ ಕೇಂದ್ರಗಳಲ್ಲಿ ಒಂದೊಂದು ತೂಕದ ಕಾಟಾ ಇಟ್ಟಿದ್ದಾರೆ. ಹಾಲು ತರುವವರು ಹಿಂದಿನ ದಿನದ ಸಗಣಿ ಎಷ್ಟು ಬುಟ್ಟಿ ಅಂತ ಬರೆಸುತ್ತಾರೆ, ಆಗಾಗ ಒಂದು ಬುಟ್ಟಿ ತೂಗಿ ನೋಡುತ್ತಾರೆ. ಮಳೆಗಾಲ, ಬೇಸಿಗೆ ಎರಡರ ಲೆಕ್ಕವೂ ಬಂದ ಮೇಲೆ ನನ್ನ 2, 10, 12ರ ಜಾಗದಲ್ಲಿ ಅದನ್ನು ಹಾಕಿ ನಕ್ಷೆ ಮತ್ತೆ ಓಡಿಸುತ್ತೇನೆ. ಇದೇ ಕ್ರಮವನ್ನು ಚಿಕ್ಕಮಗಳೂರಿನವರು ಬಳಸುವುದಾದರೆ ಟಿಪಿಐ ಉಪಾಯ ಬಿಟ್ಟುಬಿಡಿ, ಕಾಫಿ ತೋಟ ಇರುವುದು ಇಳಿಜಾರಿನಲ್ಲಿ, ಮರದ ನೆರಳಲ್ಲಿ. ಉಳಿದ ಪದರಗಳು ಹಾಗೇ ನಡೆಯುತ್ತವೆ. ಕೊಟ್ಟಿಗೆ ನೆಲದ ಕಾಲಂ ಮಾತ್ರ ನೀವೇ ಕೇಳಿ ತುಂಬಿಕೊಳ್ಳಬೇಕು.